ಹೊಸ್ತಿಲ ಹೊರಗಿನ ಚಪ್ಪಲಿ

ತಂಗಿ ನನಗೆ ಇಂಗ್ಲಿಷ್ ಕಲಿಸಿದ್ದು ಡಯಾಲಿಸಿಸ್ ಮಂಚದ ಮೇಲೆ ಮಲಗಿಕೊಂಡು. ಹರಿಹರದ ಶಾಲೆಯೊಂದರಲ್ಲಿ ಅವಳು ಡ್ರಾಯಿಂಗ್ ಟೀಚರ್. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ದಾವಣಗೆರೆಯ ಆಸ್ಪತ್ರೆಗೆ ಬರುತ್ತಿದ್ದಳು. ನಾನು ದೇವರಾಜ ಅರಸು ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವವಳು. ಮಷಿನ್ ನಿಲ್ಲಿಸಿ ಹೋಗಿ ಅವಳ ಪಕ್ಕ ನಾಲ್ಕು ತಾಸು ಕೂರುತ್ತಿದ್ದೆ. ಅವಳ ಎಡಗೈಗೆ ಸೂಜಿ, ಬಲಗೈ ಖಾಲಿ. ಆ ಖಾಲಿ ಕೈ ಸುಮ್ಮನಿರುವ ಜಾತಿಯದಲ್ಲ.

"ಅಕ್ಕ, ಹಿಂಗೆ ನನ್ನ ಮುಖ ನೋಡ್ಕೊಂತ ಕುಂತ್ರೆ ಇಬ್ರಿಗೂ ಅಳು ಬರ್ತೈತೆ. ಇಂಗ್ಲಿಷ್ ಕಲಿ," ಎಂದಳು ಒಂದು ದಿನ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗಿರಾಕಿಗಳು ಮೊಬೈಲಿಗೆ ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಪಕ್ಕದ ಮನೆಯವರ ಹತ್ತಿರ ಓದಿಸಿಕೊಳ್ಳುವ ನಾಚಿಕೆ ಸಾಕಾಗಿತ್ತು. ಆದರೂ ಬೈದೆ. "ಈ ವಯಸ್ಸಿನಾಗ ಎಬಿಸಿಡಿನಾ? ಹುಚ್ಚು ಹಿಡಿದೈತೇನೇ ನಿನಗೆ?"

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ, ತನ್ನ ಡ್ರಾಯಿಂಗ್ ಪುಸ್ತಕ ತೆಗೆದು ಚಿತ್ರ ಬಿಡಿಸತೊಡಗಿದಳು. ಕತ್ತರಿ, ಗುಂಡಿ, ತೋಳು, ಕೊರಳು. ನನ್ನ ಕಸುಬೇ ಮೊದಲ ಪಾಠ. ಪ್ರತಿ ಚಿತ್ರದ ಕೆಳಗೊಂದು ಇಂಗ್ಲಿಷ್ ಪದ. ಕಾಮಾ ಕಲಿಸಿದ್ದು ನನ್ನ ಸೆರಗು ಹಿಡಿದು. ಸೆರಗಿನ ಮಾವಿನಕಾಯಿ ಬುಟ್ಟಾವನ್ನೇ ಸಣ್ಣದಾಗಿ ಬಿಡಿಸಿ, "ಇದು ಬಂದಲ್ಲಿ ಉಸಿರು ತಗೋ. ಹೊಲಿಯೋವಾಗ ದಾರ ಕಡೀದೆ ಸೂಜಿ ನಿಲ್ಲಿಸ್ತೀಯಲ್ಲ, ಹಂಗೆ," ಎಂದಳು. ಸಿಕ್ಕಿದ್ದೇ ತಡ, ನಾನು ಪದಕ್ಕೊಂದು ಬುಟ್ಟಾ ಹಾಕಿದೆ. "ಇದು ವಾಕ್ಯನೋ, ಮದುವೆ ಸೀರೆನೋ?" ಎಂದು ಅವಳು ಜೋರಾಗಿ ನಕ್ಕಾಗ ನರ್ಸ್ ಬಂದು ಗದರಿದಳು.

ಭೂತಕಾಲ ಮಾತ್ರ ತಲೆಗೆ ಹತ್ತಲಿಲ್ಲ. ಅದಕ್ಕೆ ಜೋಡಿ ಚಿತ್ರ. ಇಡೀ ತೆಂಗಿನಕಾಯಿ, ಒಡೆದ ತೆಂಗಿನಕಾಯಿ. ಲೋಟದ ತುಂಬ ನೀರು, ಖಾಲಿ ಲೋಟ. ನೀರು ಬಿಡಿಸಿ ಮುಗಿದರೂ ಅವಳು ಆ ಲೋಟವನ್ನೇ ನೋಡುತ್ತಿದ್ದಳು. ದಿನಕ್ಕಿಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ನಾನು ಪುಟ ಮಗುಚಿದೆ.

'ಕಮ್', 'ಕೇಮ್' ಬಂದಾಗ ಜಗಳವೇ ಆಯಿತು. ನಮ್ಮಲ್ಲಿ ಯಾರಾದರೂ ಕರೆದರೆ ಕೂತಲ್ಲಿಂದಲೇ "ಬಂದೆ, ಬಂದೆ" ಎನ್ನುತ್ತೇವೆ. ಇನ್ನೂ ಎದ್ದೇ ಇರುವುದಿಲ್ಲ. 'ಬಂದೆ' ಅಂದರೆ 'ಕೇಮ್' ತಾನೆ, ಇಂಗ್ಲಿಷಿನಲ್ಲೂ ಹಾಗೇ ಅಂದರೇನು ತಪ್ಪು ಎಂದು ನನ್ನ ವಾದ.

"ಅಲ್ಲಿ ಹಂಗೆ ನಡೆಯಲ್ಲಕ್ಕ. ಕೇಮ್ ಅಂದ್ರೆ ಬಂದಾಗೈತೆ ಅಂತ." ಎರಡು ಚಿತ್ರ ಬಿಡಿಸಿದಳು. ಒಂದರಲ್ಲಿ ನಾನು ಹರಿಹರದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೆ. ಇನ್ನೊಂದರಲ್ಲಿ ನಾನೇ ಇರಲಿಲ್ಲ. ಅವಳ ಮನೆಯ ಹೊಸ್ತಿಲು, ಅದರ ಹೊರಗೆ ನನ್ನ ಚಪ್ಪಲಿ, ಕಿತ್ತುಹೋದ ಪಟ್ಟಿಗೆ ನಾನೇ ಹಾಕಿದ್ದ ಹೊಲಿಗೆಯ ಸಮೇತ. "ಚಪ್ಪಲಿ ಹೊರಗಿದ್ರೆ ಕೇಮ್. ಇಲ್ಲಾಂದ್ರೆ ಇನ್ನೂ ಕಮಿಂಗ್. ತಿಳೀತಾ?"

ತಿಳಿಯಿತು ಎಂದೆ. ಅಂದಿನಿಂದ ಮೊಬೈಲಿನಲ್ಲಿ ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ ಎಂದು ಕರಾರಾಯಿತು.

ಒಂದು ಮಂಗಳವಾರ ಮಧ್ಯಾಹ್ನ ಅವಳ ಮೆಸೇಜ್ ಬಂತು. "ಕಮ್, ಅಕ್ಕ." ಅಷ್ಟೇ. ಕಾಮಾ ಇರಬೇಕಾದಲ್ಲೇ ಇತ್ತು. ಬೇಜಾರಾದಾಗಲೆಲ್ಲ ಹಾಗೆ ಕರೆಯುತ್ತಿದ್ದಳು, ಅದೇನು ಹೊಸದಲ್ಲ. ನನ್ನ ತೊಡೆಯ ಮೇಲೆ ಮದುಮಗಳೊಬ್ಬಳ ಬ್ಲೌಸ್ ಇತ್ತು, ಅಂಚಿನ ಹೆಮ್ಮಿಂಗ್ ಉಳಿದಿತ್ತು. ಬಂದೆ ಅನ್ನುವ ಭರದಲ್ಲಿ "ಐ ಕೇಮ್" ಎಂದು ಒತ್ತಿ ಕಳಿಸಿ ಮತ್ತೆ ಸೂಜಿ ಹಿಡಿದೆ. ಹೆಮ್ಮಿಂಗ್ ಮುಗಿಸಿದೆ. ಹುಕ್ಕೂ ಹಚ್ಚಿದೆ. ಆಮೇಲೆ ಬಸ್ ಹತ್ತಿದೆ.

ಹರಿಹರದ ಮನೆ ಮುಟ್ಟಿದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿಯಿತ್ತು. ನನ್ನವನ್ನು ಬಿಡಲು ಜಾಗವಿರಲಿಲ್ಲ. ಒಳಗೆ ಹೋಗುವ ಮೊದಲೇ ತಂಗಿ ಇಲ್ಲವೆಂದು ನನಗೆ ತಿಳಿದುಹೋಯಿತು.

ಮೂರನೆಯ ದಿನ ಅವಳ ಗಂಡ ನನ್ನೆದುರು ಕೂತು ಹೇಳಿದ. "ಉಸಿರು ಕಟ್ಟಾಕ ಹತ್ತಿತ್ತು ಅಕ್ಕಾರೆ. ಆಟೋ ಬಾಗಿಲಿಗೇ ತಂದಿದ್ದೆ. ಅವಳು, ತಡೀರಿ, ಅಕ್ಕ ಬಂದಾಳೆ, ಮೆಸೇಜ್ ಹಾಕ್ಯಾಳೆ, ಕೂಡಿ ಹೋಗೋಣ ಅಂದ್ಲು. ಹೊರಗ ಅಕ್ಕನ ಚಪ್ಪಲಿ ಅದಾವೇನು ನೋಡ್ರಿ ಅಂತ ಎರಡು ಸಲ ಕಳಿಸಿದ್ಲು. ನಾನು ನೋಡಿ ಬಂದು, ಇಲ್ಲಲ್ಲೇ ಅಂದೆ."

ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಲ್ಲಿ ಕೂರಲಾಗದೆ ಎದ್ದು ಒಳಗೆ ಹೋದೆ. ಅದಾವೆ ಎಂದು ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮಂಚದ ಮೇಲೆ ಅವಳ ಡ್ರಾಯಿಂಗ್ ಪುಸ್ತಕ ಇತ್ತು. ತೆರೆದೆ. ಹೊಸ್ತಿಲ ಹೊರಗೆ ನನ್ನ ಚಪ್ಪಲಿ ಇದ್ದವು, ಪಟ್ಟಿಯ ಹೊಲಿಗೆ ಕೂಡ. ಪಾಪ, ಅವನೇಕೆ ಸುಳ್ಳು ಹೇಳಬೇಕಿತ್ತು? ಆ ಸುಳ್ಳನ್ನು ನಾನಾಗಲೇ ಹೇಳಿಯಾಗಿತ್ತು, ಅದೂ ಅವಳೇ ಕಲಿಸಿದ ಇಂಗ್ಲಿಷಿನಲ್ಲಿ.