ಸೋಮವಾರದ ಜುಂಜಯ್ಯ

ವಾರದಲ್ಲಿ ಆರು ದಿನ ಜುಂಜಯ್ಯ ಇನ್ನೊಬ್ಬರ ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ತೋಟದ ಯಜಮಾನ ರಂಗಪ್ಪ ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಬದುವಿನ ಮೇಲಿಂದಲೇ, "ಲೇ ಜುಂಜಾ, ಬಿರ್ನೆ ಸುಲಿಯೋ, ಲಾರಿ ಬತ್ತದೆ" ಎಂದು ಕೂಗುತ್ತಾನೆ. ಸೋಮವಾರ ಬಂತೆಂದರೆ ಅದೇ ರಂಗಪ್ಪ ನಮ್ಮ ಹಟ್ಟಿಗೆ ಬಂದು, ಚಪ್ಪಲಿ ದೂರ ಬಿಟ್ಟು, ಜುಂಜಯ್ಯನ ಮುಂದೆ ಕೈಮುಗಿದು ನಿಲ್ಲುತ್ತಾನೆ. ಆವತ್ತು ಹಟ್ಟಿಯ ದೇವರು ಜುಂಜಯ್ಯನ ಮೈಮೇಲೆ ಬರುತ್ತದೆ. ಅದು ಹೇಳಿದ್ದನ್ನು ಈ ಸುತ್ತಮುತ್ತ ಯಾರೂ ಮೀರುವುದಿಲ್ಲ.

ದೇವರು ಬರಲಿಕ್ಕೆ ಉರುಮೆ ಬಾರಿಸುವವನು ನಾನು. ಇಪ್ಪತ್ತೆರಡು ವರ್ಷದಿಂದ ಅವನ ಪಕ್ಕದಲ್ಲೇ ಕೂತಿದ್ದೇನೆ. ಅದು ನಿಜವೋ ನಟನೆಯೋ ಎಂದು ಪೇಟೆಯವರು ಕೇಳುತ್ತಾರೆ. ನಟನೆಯಲ್ಲ. ನಟನೆಯಾಗಿದ್ದರೆ ಅವನ ಮಗಳು ಇವತ್ತು ನೆಟ್ಟಗಿರುತ್ತಿದ್ದಳು.

ಮಗಳು ಬಿಂದುಶ್ರೀಯನ್ನು ಹಂದನಕೆರೆ ಕಡೆಯ ಮಲ್ಲೇಶನಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಅವಳು ಬೆಳಗಿನ ಬಸ್ಸಿಗೆ ಒಬ್ಬಳೇ ಬಂದಿಳಿದಳು. ಎಡಗೈ ಊದಿಕೊಂಡಿತ್ತು.

"ಇನ್ನು ಅಲ್ಲಿಗೆ ಹೋಗಲ್ಲ ಕಣಪ್ಪ" ಎಂದಳು.

"ಹೋಗಬ್ಯಾಡ ಬುಡವ್ವ" ಎಂದ ಜುಂಜಯ್ಯ.

ಮೂರನೇ ದಿನ ಮಲ್ಲೇಶ ತನ್ನ ಕಡೆಯ ನಾಲ್ವರನ್ನು ಕಟ್ಟಿಕೊಂಡು ಬಂದ. ಹಟ್ಟಿಯ ಹಿರಿಯರು ಸೇರಿದರು. ಜುಂಜಯ್ಯ ಎದ್ದು ನಿಂತು, "ನನ್ ಮಗಳ್ನ ಕಳ್ಸಲ್ಲ" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಯಿ ಸುಲಿಯುವವನ ಮಾತನ್ನು ಯಾರು ಕೇಳುತ್ತಾರೆ?

"ನೀನು ಕುಂತ್ಕೋ ಜುಂಜಯ್ಯ" ಎಂದರು ಹಿರಿಯರಾದ ಮರುಳಪ್ಪ. "ಸೋಮವಾರ ದೇವ್ರನ್ನೇ ಕೇಳಾನ. ಅದು ಏನಂತದೋ ಹಂಗೇ ಆಗ್ಲಿ."

ಜುಂಜಯ್ಯನ ಮುಖ ಅರಳಿತು. ಮನೆಗೆ ಹೋಗುವಾಗ ನನ್ನ ಹೆಗಲು ತಟ್ಟಿ, "ದೇವ್ರು ಮಾತಾಡೋದು ನನ್ ಬಾಯಲ್ಲೇ ಅಲ್ವೇನ್ಲಾ? ನನ್ ಮಗಳ ಕೈ ಬುಟ್ಟಾತಾ?" ಎಂದ. ಪಾಪ, ಬಾಯಿ ತನ್ನದು ಅಂದುಕೊಂಡಿದ್ದ.

ಸೋಮವಾರ ಉರುಮೆ ಬಾರಿಸಿದೆ. ದೇವರು ಬಂತು. ಮರುಳಪ್ಪ ಕೇಳಿದರು. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆಲ್ಲ ಇಷ್ಟು ವರ್ಷ ಹೇಳಿದ್ದನ್ನೇ ಆ ಬಾಯಿ ಹೇಳಿತು: "ತಾಳಿ ಕಟ್ಟಿದೋನ ಮನೆಗೆ ಕಳ್ಸು. ಹಟ್ಟೀಲಿ ಇಟ್ಕೋಬ್ಯಾಡ." ಒಂದು ಅಕ್ಷರವೂ ತಡವರಿಸಲಿಲ್ಲ. ಹಿಂದೆ ಆ ಮಾತು ಕೇಳಿ ಎಷ್ಟು ಹೆಣ್ಣುಮಕ್ಕಳು ಅಳುತ್ತಾ ಬಸ್ಸು ಹತ್ತಿದ್ದರೋ ನಾವು ಎಣಿಸಿದವರಲ್ಲ. ಅವರು ಬೇರೆಯವರ ಮಕ್ಕಳಾಗಿದ್ದರು.

ದೇವರು ಇಳಿದ ಮೇಲೆ ಜುಂಜಯ್ಯ ಕಣ್ಣುಬಿಟ್ಟು ನೀರು ಕೇಳಿದ. ಬಿಂದುಶ್ರೀಯೇ ಚೊಂಬು ತಂದುಕೊಟ್ಟಳು. ಎಲ್ಲರ ಎದುರೇ ಕೇಳಿದಳು:

"ಅಪ್ಪಾ, ಹಂಗಂದಿದ್ದು ದೇವ್ರಾ, ನೀನಾ? ನೀನಾಗಿದ್ರೆ ನಾನು ಹೋಗಲ್ಲ."

"ನಾನೇ ಕಣವ್ವ" ಎಂದಿದ್ದರೆ ಮುಗಿದಿತ್ತು. ಜುಂಜಯ್ಯ ಸುತ್ತ ಕೈಮುಗಿದು ನಿಂತವರನ್ನು ನೋಡಿದ. ಹಾಗೆಂದುಬಿಟ್ಟರೆ ವಾರದ ಏಳೂ ದಿನ ಅವನು ಬರೀ ಕಾಯಿ ಸುಲಿಯುವವನು.

"ದೇವ್ರು ಕಣವ್ವ" ಎಂದ.

ನಾನಾದರೂ ಬಾಯಿ ಬಿಡಬಹುದಿತ್ತು. ಉರುಮೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮರುದಿನವೇ ಬಿಂದುಶ್ರೀ ಗಂಡನ ಮನೆಗೆ ಬಸ್ಸು ಹತ್ತಿದಳು. ಹೋದ ತಿಂಗಳು ಒಂದು ಸೋಮವಾರ ಮತ್ತೆ ಬಂದಳು. ಅಪ್ಪನ ಮನೆಗೆ ಕಾಲಿಡಲಿಲ್ಲ. ದೇವರನ್ನು ಕೇಳಲು ಬಂದವರ ಸಾಲಿನಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದಳು. ಮುಂದಿನ ಎರಡು ಹಲ್ಲು ಇರಲಿಲ್ಲ. ಸರದಿ ಬಂದಾಗ ಕೈಮುಗಿದಳು.

"ಸ್ವಾಮಿ, ನಂಗೊಬ್ಬ ಅಪ್ಪ ಇದ್ದ. ಕಳೆದುಹೋಗವ್ನೆ. ಸಿಗ್ತಾನಾ?"

ನನ್ನ ಉರುಮೆ ನಿಂತುಹೋಯಿತು. ಜುಂಜಯ್ಯನ ಮೈ ಮಾತ್ರ ನಡುಗುತ್ತಲೇ ಇತ್ತು. ಕುರಿ ಕಳೆದುಕೊಂಡವರಿಗೆ, ಓಲೆ ಕಳೆದುಕೊಂಡವರಿಗೆ ಹೇಳುವುದನ್ನೇ ಆ ಬಾಯಿ ಅವಳಿಗೂ ಹೇಳಿತು:

"ಮೂರು ವಾರ ತಡ್ಕೋ. ತಾನಾಗೇ ಮನೆಗೆ ಬತ್ತದೆ."