ಒಂಟಿ ಸೀನಿನ ಕಾರು

ವಿಮಲಮ್ಮ ಕಾರು ಕೊಂಡರು ಎಂಬ ಸುದ್ದಿಯನ್ನು ಶಿವಮೊಗ್ಗದ ಕೋಟೆಯ ನಮ್ಮ ಬೀದಿ ಹೇಗೋ ತಡೆದುಕೊಂಡಿತು. ಎಂಥ ಕಾರು ಕೊಂಡರು ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ.

ಅದು 2008ರ ಮಾತು. ವಿಮಲಮ್ಮನಿಗೆ ಆಗ ನಲವತ್ತಾರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಇಪ್ಪತ್ತು ವರ್ಷ ಶಿವಮೊಗ್ಗದಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದವರು. ಮನೆಯಲ್ಲಿ ಅತ್ತೆ ಮಹಾಂತಮ್ಮ ಕರೆಯುತ್ತಿದ್ದರು, ಗಂಡ ಏಕಾಂತಪ್ಪ ಕರೆಯುತ್ತಿದ್ದರು. ಇನ್‌ಸ್ಟಿಟ್ಯೂಟಿನಲ್ಲಿ ರಿಬ್ಬನ್ ಸಿಕ್ಕಿಹಾಕಿಕೊಂಡ ಹುಡುಗಿಯರೆಲ್ಲ ಕರೆಯುತ್ತಿದ್ದರು. ಬಸ್ಸಿನ ಕಂಡಕ್ಟರ್ ಕೂಡ "ಮೇಡಂ, ಸ್ವಲ್ಪ ಒಳಗೆ ಹೋಗಿ" ಎಂದು ಬಿಡದೆ ಕರೆಯುತ್ತಿದ್ದ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಯಾರೂ ತನ್ನನ್ನು ಕರೆಯಬಾರದು. ವಿಮಲಮ್ಮನಿಗೆ ಬೇಕಿದ್ದದ್ದು ಇಷ್ಟೇ.

ಸಾಧು ಸ್ವಭಾವದ ಯಾವುದೋ ಹಳೆ ಕಾರು ಬರುತ್ತದೆಂದು ನಾವು ಎಣಿಸಿದ್ದೆವು. ಬಂದದ್ದು ಕುಂಕುಮದ ಬಣ್ಣದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತ ಗೂಳಿ. ಏಳು ವರ್ಷ ಹಳೆಯದಾದರೂ ಅದು ಗುಟುರು ಹಾಕಿದರೆ ನಮ್ಮ ಮನೆಯ ಕಿಟಕಿ ಗಾಜು ನಡುಗುತ್ತಿತ್ತು. ತಂದುಕೊಟ್ಟವನು ಓಲ್ಡ್ ಟೌನಿನ ಹಳೆ ಗಾಡಿ ವ್ಯಾಪಾರಿ ಮಾರಪ್ಪ. ಆ ಕಸುಬಿಗೆ ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಕೊಳ್ಳಪ್ಪ ಎಂದು ಯಾರೂ ಮಗನಿಗೆ ಹೆಸರಿಡುವುದಿಲ್ಲ ನೋಡಿ.

"ಇದು ಹಾಟ್ ಹ್ಯಾಚ್ ಸಾರ್" ಎಂದ ಮಾರಪ್ಪ, ಏಕಾಂತಪ್ಪನವರಿಗೆ.

"ಎಂಥದು?"

"ಹಿಂದ್ಗಡೆ ಬಾಗ್ಲಿರೋ ಸಣ್ಣ ಗಾಡಿ ಹ್ಯಾಚು. ಅದ್ರೊಳಗೆ ದೊಡ್ಡ ಇಂಜಿನ್ ತುರುಕಿದ್ರೆ ಹಾಟ್ ಹ್ಯಾಚು. ನೂರು ಕುದ್ರೆ ಶಕ್ತಿ ಇದೆ."

ಏಕಾಂತಪ್ಪ ನವುಲೆಯ ಕೃಷಿ ಕಾಲೇಜಿನಲ್ಲಿ ಗುಮಾಸ್ತರು. ತಮ್ಮ ಸ್ಕೂಟರಿನ ಮುಳ್ಳು ನಲವತ್ತು ದಾಟಿದ್ದನ್ನು ಕಂಡವರಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

"ನೂರು ಕುದುರೆ ಕಟ್ಕೊಂಡು ಟೈಪಿಂಗ್ ಕ್ಲಾಸಿಗೆ ಹೋಗ್ತೀಯೇನೇ ಮಾರಾಯ್ತಿ? ಯುದ್ಧ ಏನಾದ್ರೂ ಇದ್ಯಾ ಅಲ್ಲಿ?"

"ಇಷ್ಟು ದಿನ ನೂರು ಜನರ ಮಧ್ಯೆ ಹೋಗ್ತಿದ್ದೆ. ಈ ಕುದುರೆಗಳು ಕಾಲು ತುಳಿಯಲ್ಲ ಕಣ್ರೀ."

ಮೊದಲ ವಾರ ಭದ್ರಾವತಿಗೆಂದು ನಾನೂ ಒಮ್ಮೆ ಅದನ್ನು ಹತ್ತಿದೆ. ಶಿಫ್ಟ್ ಕೀಲಿಯನ್ನು ಕಿರುಬೆರಳಲ್ಲಿ ಒತ್ತಿ ಪಳಗಿದವರಿಗೆ ಗೇರ್ ಶಿಫ್ಟ್ ಒಂದು ಲೆಕ್ಕವೇ? ಮುಂದಿದ್ದ ಬಸ್ಸು ಹಿಂದಕ್ಕೆ ಹೋಗಿತ್ತು. ನಡುವೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ಕಣ್ಣು ಮುಚ್ಚಿದ್ದೆ. ಟೈಪಿಂಗಿನವರ ಕಾರಾದ್ದರಿಂದ ಹೊಂಡಕ್ಕೊಂದು ಫುಲ್‌ಸ್ಟಾಪು, ಒಂದೊಂದೂ ಬೆನ್ನುಮೂಳೆಗೇ ಅಚ್ಚಾಗುತ್ತಿತ್ತು. ಇನ್ನು ಪೆಟ್ರೋಲನ್ನು ಅದು ಕುಡಿಯುತ್ತಿರಲಿಲ್ಲ, ಅದರಲ್ಲಿ ಸ್ನಾನವನ್ನೇ ಮಾಡುತ್ತಿತ್ತು. ಬಿಡಿಭಾಗಗಳು ಬೆಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕು. ವಿಮಲಮ್ಮ ಬಿಟ್ಟ ಬಸ್ಸನ್ನು ಅವರ ಕಾರಿನ ಭಾಗಗಳು ಹತ್ತಿಕೊಂಡವು. ಆದರೂ ಓಲ್ಡ್ ಟೌನಿನಲ್ಲಿ ಇಳಿದಾಗ ವಿಮಲಮ್ಮನ ಮುಖ ಆಗಷ್ಟೇ ನಿದ್ದೆ ಮಾಡಿ ಎದ್ದಂತೆ ತಿಳಿಯಾಗಿತ್ತು. ನನ್ನ ಮುಖದ ವಿಷಯ ಬೇಡ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅದರ ಸೀನು.

ಬೆಳಿಗ್ಗೆ ಆರೂವರೆಗೆ ಕೀಲಿ ತಿರುಗಿಸಿದ ಕೂಡಲೇ ತಣ್ಣಗಿದ್ದ ಇಂಜಿನ್ ಒಮ್ಮೆ, ಒಂದೇ ಒಂದು ಸಲ, "ಹ್ಯಾಚ್!" ಎನ್ನುತ್ತಿತ್ತು. ಆಮೇಲೆ ಗುರ್ ಎಂದು ಶುರುವಾಗುತ್ತಿತ್ತು. ಯಾರಾದರೂ ಸೀನಿದರೆ "ಗಾಡ್ ಬ್ಲೆಸ್ ಯು" ಎನ್ನಬೇಕೆಂದು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ಕಾಂಪೌಂಡಿನ ಈಚೆಯಿಂದ "ಗಾಡಿ ಬ್ಲೆಸ್ ಯು" ಎಂದೆ. ಯಾರೂ ನಗಲಿಲ್ಲ. ಯಾಕೆಂದರೆ ಜಗಲಿಯ ಮೇಲೆ ಮಹಾಂತಮ್ಮ ಎದ್ದು ನಿಂತಿದ್ದರು.

"ಇಳಿ ವಿಮಲ. ಹೊರಡೋವಾಗ ಒಂಟಿ ಸೀನು ಬಂತು. ಕೂತು ನೀರು ಕುಡಿದು ಹೋಗು."

"ಅತ್ತೆ, ಸೀನಿದ್ದು ಕಾರು!"

"ಹೋಗ್ತಿರೋದು ಅದೇ ತಾನೆ?"

ವಿಮಲಮ್ಮ ಇಳಿದು, ಕೂತು, ನೀರು ಕುಡಿದು, ಮತ್ತೆ ಹೋಗಿ ಕೀಲಿ ತಿರುಗಿಸಿದರು. ಅಷ್ಟರಲ್ಲಿ ಮತ್ತೆ ತಣ್ಣಗಾಗಿದ್ದ ಇಂಜಿನ್ ಮತ್ತೆ ಸೀನಿತು. ಮತ್ತೆ ನೀರು. ಆ ದಿನ ಅವರು ಓಲ್ಡ್ ಟೌನ್ ತಲುಪುವ ಹೊತ್ತಿಗೆ ಬೆಳಗಿನ ಬ್ಯಾಚಿನ ಹುಡುಗಿಯರು ಶಟರಿನ ಮುಂದೆ ಕೂತು ಕಾದು ಮನೆಗೆ ಹೋಗಿದ್ದರು. ದಿನವೂ ಹೀಗೇ ಆದಾಗ ಅರ್ಧ ಬ್ಯಾಚು ಪಕ್ಕದ ಬೀದಿಯ ಇನ್‌ಸ್ಟಿಟ್ಯೂಟ್ ಸೇರಿತು.

ಕೊನೆಗೆ ಮಹಾಂತಮ್ಮ ತೀರ್ಪು ಕೊಟ್ಟರು. "ಒಂಟಿ ಸೀನಿನ ಗಾಡಿ ನನ್ನ ಅಂಗಳದಲ್ಲಿ ಬೇಡ. ಸೋಮವಾರ ಮಾರಪ್ಪನ್ನ ಕರೆಸು ಏಕಾಂತ, ವಾಪಸ್ ತಗೊಂಡು ಹೋಗ್ಲಿ. ಜೋಡಿ ಸೀನಾಗಿದ್ರೆ ಮಾತು ಬೇರೆ. ಅದು ಶುಭ."

ವಿಮಲಮ್ಮ ಅಂದು ಸಂಜೆಯೇ ಭದ್ರಾವತಿಯ ಮೆಕ್ಯಾನಿಕ್ ಸೆಲ್ವಂ ಬಳಿಗೆ ಹೋದರು. ಸೀನು ನಿಲ್ಲಿಸುವ ಸಾಮಾನು ಬೆಂಗಳೂರಲ್ಲೂ ಇಲ್ಲ, ತಿಂಗಳಾಗುತ್ತದೆ ಎಂದ ಅವನು.

"ನಿಲ್ಸೋದು ಬೇಡಪ್ಪ. ಎರಡು ಮಾಡಿಕೊಡು."

ಸೆಲ್ವಂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. "ಅಯ್ಯಯ್ಯೋ ಅಕ್ಕಾ! ರಿಪೇರಿ ಮಾಡು ಅಂತಾರೆ, ಚೀಪಾಗಿ ಮಾಡು ಅಂತಾರೆ. ಜಾಸ್ತಿ ಕೆಡಿಸು ಅಂದೋರು ನೀವೇ ಫಸ್ಟು."

ಆದರೂ ತಲೆ ಕೆರೆದುಕೊಂಡು ಒಂದು ಉಪಾಯ ತೋರಿಸಿದ. ತಣ್ಣಗಿರುವಾಗ ಕೀಲಿ ತಿರುಗಿಸಿ, ಸೀನಿದ ಕ್ಷಣದಲ್ಲೇ ಆಫ್ ಮಾಡಿ, ತಡಮಾಡದೆ ಮತ್ತೆ ತಿರುಗಿಸಿದರೆ ಎರಡನೆಯದೂ ಬರುತ್ತಿತ್ತು. ಒಂದೇ ಅಕ್ಷರವನ್ನು ಎರಡು ಸಲ ಹೊಡೆಯುವುದು ವಿಮಲಮ್ಮನಿಗೆ ಕಲಿಸಬೇಕಾದ ವಿದ್ಯೆಯಲ್ಲ. ಭಾನುವಾರವಿಡೀ ಹಗುರಾಗಿ ಓಡಾಡಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಆರೂವರೆಗೇ ಸಿದ್ಧರಾಗಿ ಕಾರಿನಲ್ಲಿ ಕೂತರು. ಮಹಾಂತಮ್ಮ ಒಳಗಿನಿಂದಲೇ ಕೂಗಿದರು. "ತಡಿ. ನನ್ನ ಪೂಜೆ ಮುಗೀಲಿ."

ಪೂಜೆ ಮುಗಿಯುವ ಹೊತ್ತಿಗೆ ಏಳೂವರೆಯಾಗಿ ರಾಹುಕಾಲ ಹಿಡಿಯಿತು. ಅದು ಬಿಟ್ಟಾಗ ಒಂಬತ್ತು. ಬಿಸಿಲು ಅಷ್ಟೂ ಹೊತ್ತು ಬಾನೆಟ್ಟಿನ ಮೇಲೇ ಕೂತಿತ್ತು. ಹಾಟ್ ಹ್ಯಾಚ್ ಎಂಬ ಹೆಸರಿನ ಮೊದಲರ್ಧ ಅಂದು ಮುಟ್ಟಿದರೆ ಕೈ ಸುಡುವಷ್ಟು ನಿಜವಾಗಿತ್ತು. ಗೇಟಿನ ಬಳಿ ಮಾರಪ್ಪ ಕೀಲಿಗಾಗಿ ಕೈ ಒರೆಸಿಕೊಂಡು ನಿಂತಿದ್ದ. ಏಕಾಂತಪ್ಪ ರಜೆ ಹಾಕಿದ್ದರು. ಮಹಾಂತಮ್ಮ ಸರಿಯಾಗಿ ಕೇಳಿಸಬೇಕೆಂದು ಜಗಲಿ ಇಳಿದು ಕಾರಿನ ಹಿಂಬದಿಗೇ ಬಂದು ನಿಂತರು.

ವಿಮಲಮ್ಮ ಕೀಲಿ ತಿರುಗಿಸಿದರು.

"ಹ್ಯಾಚ್!"

ತಟ್ಟನೆ ಆಫ್. ತಟ್ಟನೆ ಆನ್. ಬಿಸಿಲಿಗೆ ಕಾದಿದ್ದ ಇಂಜಿನ್ ಒಂದೇ ಸೀನಿಗೆ ಹದಕ್ಕೆ ಬಂದು, ಬೆಣ್ಣೆ ಸವರಿದಂತೆ ನುಣ್ಣಗೆ ಶುರುವಾಯಿತು. ಸೀನಿಲ್ಲ. ಕೆಮ್ಮೂ ಇಲ್ಲ.

ವಿಮಲಮ್ಮನ ಮುಖದ ಬಣ್ಣವೆಲ್ಲ ಇಳಿದು ಬರೀ ಕುಂಕುಮ ಉಳಿಯಿತು. ನನ್ನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಮಾರಪ್ಪ ಕೈ ಚಾಚಿದ. "ಕೊಡಿ ಅಕ್ಕ. ಏನ್ ಮಾಡೋಕಾಗುತ್ತೆ."

ವಿಮಲಮ್ಮ ಕೊಡಲೂ ಇಲ್ಲ, ಇಳಿಯಲೂ ಇಲ್ಲ. ಸ್ಟೀರಿಂಗನ್ನು ಎರಡು ಕೈಯಲ್ಲಿ ಹಿಡಿದು ಮುಂದಿನ ರಸ್ತೆಯನ್ನೇ ನೋಡುತ್ತ ಕೂತರು. ಕಾಲು ಮಾತ್ರ ತನ್ನಷ್ಟಕ್ಕೆ ಆಕ್ಸಿಲರೇಟರನ್ನು ಒತ್ತಿತು. ಹಿಂದಿನಿಂದ ಹೊಗೆಯ ಮುದ್ದೆಯೊಂದು ಎದ್ದು ಮಹಾಂತಮ್ಮನನ್ನು ಮುಚ್ಚಿತು.

ಹೊಗೆಯೊಳಗಿಂದ ಬಂತು:

"ಹ್ಯಾಚ್!"

ಹೊಗೆ ಕರಗಿದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿದ್ದವರು ಮಹಾಂತಮ್ಮನೇ. ಸೆರಗು ಮೂಗಿಗೆ ಒತ್ತಿಕೊಂಡು, ತಾವು ಮಾಡಿದ್ದೇನೆಂದು ಲೆಕ್ಕ ಹಾಕುತ್ತಿದ್ದರು.

"ಅಜ್ಜಿ, ನಿಮ್ದು ಲೆಕ್ಕಕ್ಕಿಲ್ಲ" ಎಂದ ಮಾರಪ್ಪ.

ಅದೊಂದನ್ನು ಅವನು ಹೇಳಬಾರದಿತ್ತು.

"ಯಾಕಿಲ್ಲ? ನನ್ನ ಮನೇಲಿ ನಿಂತು ನಂದು ಲೆಕ್ಕಕ್ಕಿಲ್ಲ ಅಂತೀಯೇನೋ? ನಾನೇನು ಪಕ್ಕದ್ಮನೆಯೋಳಾ?"

"ಅಲ್ಲಜ್ಜಿ, ಗಾಡಿ ಸೀನು ಬೇರೆ, ಮನುಷ್ಯರ ಸೀನು..."

"ಸೀನು ಸೀನೇ. ಅದು ಒಂದು, ನಂದೊಂದು. ಜೋಡಿ ಆಯ್ತು." ಅಷ್ಟರಲ್ಲಿ ಅವರ ಮೂಗು ಮತ್ತೆ ಅರಳತೊಡಗಿತು. ಕಣ್ಣಲ್ಲಿ ನೀರು ತುಂಬಿತು. "ಹೊರಡೇ ಮಾರಾಯ್ತಿ, ಬೇಗ ಹೊರಡು! ಇನ್ನೊಂದು ಬರ್ತಾ ಇದೆ!"

ಮೂರಾದರೆ ಶುಭವೋ ಅಶುಭವೋ ಎಂದು ಕೇಳಲು ವಿಮಲಮ್ಮ ನಿಲ್ಲಲಿಲ್ಲ. ಟೈರು ಕಿರುಚಿತು. ಮಾರಪ್ಪ ಮೋರಿಯ ಆಚೆಗೆ ಹಾರಿದ. ಕೆಂಪು ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಮಹಾಂತಮ್ಮ ಅಂಗಳದ ನಡುವೆ ಎರಡೂ ಕೈಯಲ್ಲಿ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು, ಮುಖ ಕೆಂಪಾಗಿಸಿಕೊಂಡು, ಉಸಿರಾಡದೆ ನಿಂತಿದ್ದರು.