ಖುಲಾಸೆ ಪತ್ರದ ರೇಟು

ಬೆಂಗಳೂರಿನ ದೊಡ್ಡ ವಕೀಲರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ವಿದೇಶಿ ಕಂಪನಿಯೊಂದು ಹೊಳೆನರಸೀಪುರದ ಬಳಿ ಮಿಡಿಸೌತೆ ಸಂಸ್ಕರಿಸುವ ಕಾರ್ಖಾನೆ ಹಾಕಲು ಬಂದಾಗ, ಅದಕ್ಕೆ ಕಾನೂನು ಸಲಹೆ ಕೊಡಲು ಬಂದವನು ಅಂಥವನೇ ಒಬ್ಬ. ಹಾಸನದ ಕೋರ್ಟಿನಲ್ಲಿ ಕರಿಕೋಟು ಸವೆಸುತ್ತಿದ್ದ ನನ್ನನ್ನು ಸ್ಥಳೀಯ ಕೆಲಸಕ್ಕೆ ಇಟ್ಟುಕೊಂಡ. ಸ್ಥಳೀಯ ಕೆಲಸವೆಂದರೆ ತಾಲ್ಲೂಕು ಕಚೇರಿಯಲ್ಲಿ ನಿಂತು ಕಾಲು ನೋಯಿಸಿಕೊಳ್ಳುವುದು.

ಕಾರ್ಖಾನೆಗೆ ಕೊಳ್ಳಲಿದ್ದ ಜಮೀನಿನ ಬಗ್ಗೆ ಅವನು ಬರೆದ ವರದಿ ತಲೆದಿಂಬಿನಷ್ಟು ದಪ್ಪ. ಜಮೀನಿನ ಮಾಲೀಕ ತನ್ನ ತಂದೆಗೆ ಒಬ್ಬನೇ ಮಗ, ಬೇರೆ ವಾರಸುದಾರರಿಲ್ಲ ಎಂದು ವಂಶವೃಕ್ಷ ನೋಡಿ ಷರಾ ಬರೆದಿದ್ದ. ಕರಾರಿಗೆ ಮುಂಚೆ ಕಂಪನಿಯ ವಿದೇಶಿ ಸಾಹೇಬನನ್ನು ಕರೆದುಕೊಂಡು ಆ ಮಾಲೀಕನ ಮನೆಗೆ ಹೋದೆವು. ಹೆಂಗಸೊಬ್ಬಳು ಕಾಫಿ ತಂದಳು. ಮೂಗು, ಹಣೆ ಎಲ್ಲ ಮಾಲೀಕನದೇ ಅಚ್ಚು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಇವರ್ಯಾರು?" ಎಂದೆ.

"ನನ್ ತಂಗಿ ಮೇಡಂ. ಅರಕಲಗೂಡಿಗೆ ಕೊಟ್ಟಿದೀವಿ. ಎಣ್ಮಕ್ಳನ್ನ ಯಾರಾದ್ರೂ ವಂಶವೃಕ್ಷದಲ್ಲಿ ಬರುಸ್ತಾರಾ?"

ವಕೀಲನಿಗೆ ಕಾಫಿ ನೆತ್ತಿಗೇರಿತು. ಸಾವರಿಸಿಕೊಂಡು ಸಾಹೇಬನಿಗೆ "ನೋ ಪ್ರಾಬ್ಲಂ" ಎಂದ. ನನ್ನ ಕಡೆ ತಿರುಗಿ, "ಖುಲಾಸೆ ಪತ್ರಕ್ಕೆ ಸೈನ್ ಹಾಕಿಸಿಬಿಡಿ ಮೇಡಂ. ನೀವೂ ಹೆಂಗಸರು, ಬೇಗ ಒಪ್ತಾರೆ" ಎಂದ. ಅವನ ನಾಚಿಕೆಗೇಡಿತನಕ್ಕೆ ಮೈಯೆಲ್ಲ ಉರಿಯಿತು.

ಖುಲಾಸೆ ಪತ್ರವೆಂದರೆ, ಆಸ್ತಿಯಲ್ಲಿ ನನಗೇನೂ ಬೇಡ ಎಂದು ಹೆಣ್ಣುಮಗಳು ಬರೆದುಕೊಡುವುದು. ನಮ್ಮ ಕಡೆ ಅದರ ರೇಟು ಒಂದು ರೇಷ್ಮೆ ಸೀರೆ. "ಅದ್ಕೇನಂತೆ, ಸೀರೆ ಕೊಡುಸ್ತೀನಿ ಬುಡಿ" ಎಂದ ಮಾಲೀಕ, ಪಕ್ಕದಲ್ಲೇ ತಂಗಿ ನಿಂತಿದ್ದರೂ.

ಉರಿದುಕೊಂಡರೂ ಫೀಸು ಬಿಡುವವಳಲ್ಲ ನಾನು. ಆ ವಾರವೇ ಪತ್ರ ಟೈಪು ಮಾಡಿಸಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ಅವಳು ಪತ್ರದ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು.

"ಅಕ್ಕಾ, ನಿಮ್ಮಣ್ಣನೂ ನಿಮ್ ತಾವ ಇಂಗೇ ಬರುಸ್ಕಂಡ್ರಾ?"

ಬರೆಸಿಕೊಂಡಿದ್ದರು. ಚನ್ನರಾಯಪಟ್ಟಣದ ನಮ್ಮ ತೋಟದ ಖುಲಾಸೆ ಪತ್ರವನ್ನು ನಾನೇ ಕೂತು, ಒಂದು ತಪ್ಪಿಲ್ಲದಂತೆ ಬರೆದುಕೊಟ್ಟಿದ್ದೆ. ನಾನು ಪೆನ್ನು ಮುಂದೆ ಹಿಡಿದೆ. ಅವಳು ಪತ್ರವನ್ನು ಮಡಿಸಿ ನನ್ನ ಕೈಗಿಟ್ಟಳು.

"ಅಣ್ಣಂಗೆ ಯೋಳಿ. ನನ್ ಭಾಗ ಕೊಟ್ರೆ ಸೈನ್ ಆಕ್ತೀನಿ."

ಇಷ್ಟು ಹೇಳಲು ಅವಳಿಗೆ ಯಾವ ವಕೀಲರೂ ಬೇಕಾಗಲಿಲ್ಲ. ಎಲ್‌ಎಲ್‌ಬಿ ಓದಿದ ನಾನು ನನ್ನ ಅಣ್ಣನಿಗೆ ಇವತ್ತಿಗೂ ಈ ಮಾತು ಹೇಳಿಲ್ಲ.